ದನ ಇಲ್ಲದ ಸದಸ್ಯೆ

ಬಾಳೆಕೋಡಿಯಲ್ಲಿ ಯಾರು ಯಾರ ಮನೆಯ ಮೆಟ್ಟಿಲು ಹತ್ತಿದರೂ ಮೊದಲು ಎದುರಾಗುವುದು ಒಂದೇ ಮಾತು: ‘ಎಂತ ವಿಶೇಷ?’ ಅದರಲ್ಲಿ ಕುಹಕವಿಲ್ಲ, ಬೇಸರವೂ ಇಲ್ಲ. ಬಂದವರಿಗೆ ಏನೋ ಒಂದು ಕೆಲಸ ಇದ್ದೇ ಇರುತ್ತದೆ ಎಂಬ ನಂಬಿಕೆ, ಅಷ್ಟೆ. ಮದುವೆಯ ಕಾಗದ ಕೊಡಲು ಬರುತ್ತಾರೆ, ಏಣಿ ಕೇಳಲು ಬರುತ್ತಾರೆ, ರಬ್ಬರ್ ಟ್ಯಾಪಿಂಗ್ ಮಾಡುವವನ ಫೋನ್ ನಂಬರ್ ಬರೆದುಕೊಳ್ಳಲು ಬರುತ್ತಾರೆ. ‘ಸುಮ್ಮನೆ ಬಂದೆ’ ಎಂದರೆ ಕೇಳಿದವರು ನಗುತ್ತಾರೆ, ಸ್ವಲ್ಪ ಹೊತ್ತು ಕಾಯುತ್ತಾರೆ, ಮತ್ತೆ ಕೇಳುತ್ತಾರೆ: ‘ಅಲ್ಲ, ಆದ್ರೂ ಎಂತ ವಿಶೇಷ?’

ಎಪ್ಪತ್ತನಾಲ್ಕು ವರ್ಷದ ದುಗ್ಗಮ್ಮನಿಗೆ ಮೂವತ್ತೊಂದು ವರ್ಷ ಈ ಪ್ರಶ್ನೆಗೆ ಉತ್ತರ ಹುಡುಕುವ ಪ್ರಮೇಯ ಬಂದಿರಲಿಲ್ಲ. ಅವರ ಕೈಯಲ್ಲಿ ಹಾಲಿನ ಕ್ಯಾನ್ ಇರುತ್ತಿತ್ತು.

ಬಾಳೆಕೋಡಿ ಗುತ್ತಿಗಾರಿನಿಂದ ಕಾಡಿನ ಕಡೆಗೆ ನಾಲ್ಕು ಕಿಲೋಮೀಟರ್ ಒಳಗಿದೆ. ಸಾಲುಮನೆಗಳ ಊರಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ಗುಡ್ಡ, ಒಂದು ತೋಡು. ಗಂಡಸರಿಗೆ ಕೂರಲು ಜಾಗಗಳಿವೆ: ತಿರುವಿನಲ್ಲಿರುವ ಶಾಫಿಯ ಅಂಗಡಿಯ ಬೆಂಚು, ಅದರ ಎದುರಿನ ಬಸ್ಸು ತಂಗುದಾಣ, ಶಾಲೆಯ ಹತ್ತಿರದ ಮೋರಿಯ ಕಟ್ಟೆ. ಅಲ್ಲಿ ಅರ್ಧ ದಿನ ಕೂತ ಗಂಡಸನ್ನೂ ಯಾರೂ ಎಂತ ವಿಶೇಷ ಎಂದು ಕೇಳುವುದಿಲ್ಲ. ಹೆಂಗಸರಿಗೆ ಇದ್ದದ್ದು ಹಾಲು ಸೊಸೈಟಿಯ ಜಗಲಿ ಒಂದೇ. ಎರಡು ಕೋಣೆ, ಒಂದು ಜಗಲಿ, ಮೂರು ಮೆಟ್ಟಿಲು. ಬೆಳಿಗ್ಗೆ ಆರೂವರೆಯಿಂದ ಏಳೂವರೆಯ ತನಕ ಅದು ತೆರೆದಿರುತ್ತದೆ.

ಆ ಒಂದು ಗಂಟೆಯಲ್ಲಿ ನಡೆಯುವ ಕೆಲಸ ಸಣ್ಣದು. ಕಾರ್ಯದರ್ಶಿ ಸುದರ್ಶನ ಹಾಲು ಅಳೆದು, ಸ್ವಲ್ಪವನ್ನು ಯಂತ್ರಕ್ಕೆ ಇಡುತ್ತಾನೆ. ಯಂತ್ರ ಎರಡು ಅಂಕಿ ತೋರಿಸುತ್ತದೆ: ಹಾಲಿನಲ್ಲಿ ಕೊಬ್ಬು ಎಷ್ಟು, ಉಳಿದ ಗಟ್ಟಿ ಅಂಶ ಎಷ್ಟು. ಚೀಟಿ ಬರುತ್ತದೆ, ಸದಸ್ಯರ ನಂಬರ್ ಕೂಗುತ್ತಾನೆ. ಅವಸರ ಇದ್ದವರು ಚೀಟಿ ತೆಗೆದುಕೊಂಡು ಹೋಗುತ್ತಾರೆ. ಅವಸರ ಇಲ್ಲದವರು ಮೆಟ್ಟಿಲಲ್ಲಿ ಕೂರುತ್ತಾರೆ. ದುಗ್ಗಮ್ಮನ ನಂಬರ್ ನಲವತ್ತೇಳು, ಜಾಗ ಎರಡನೆಯ ಮೆಟ್ಟಿಲಿನ ಎಡದ ಅಂಚು. ಅಲ್ಲಿ ಕೂತರೆ ಕಂಬಕ್ಕೆ ಬೆನ್ನು ಕೊಡಬಹುದು. ಯಾರ ಸೊಸೆಗೆ ಎಷ್ಟನೆಯ ತಿಂಗಳು, ಯಾರ ತೋಟಕ್ಕೆ ನಿನ್ನೆ ಆನೆ ಬಂತು, ಬಸಳೆ ಯಾಕೆ ಚಿಗುರುತ್ತಿಲ್ಲ, ಎಲ್ಲವೂ ಅವರಿಗೆ ಗೊತ್ತಾಗುತ್ತಿದ್ದದ್ದು ಅಲ್ಲಿ. ಅವರು ಹೇಳಿದ್ದಕ್ಕೆ ಯಾರಾದರೂ ನಗುತ್ತಿದ್ದದ್ದೂ ಅಲ್ಲೇ.

ಮನೆಯಲ್ಲಿ ಕೊರತೆ ಏನೂ ಇರಲಿಲ್ಲ. ಅವರು ಒಂಟಿಯೂ ಅಲ್ಲ. ಮಗ ಕುಶಾಲಪ್ಪ ಊರಲ್ಲೇ ಇದ್ದಾನೆ, ರಬ್ಬರ್ ನೋಡಿಕೊಳ್ಳುತ್ತಾನೆ, ಪಿಕಪ್ ಇದೆ. ಸೊಸೆ ತೇಜಾವತಿ ಸುಳ್ಯದ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ, ಏಳೂಮುಕ್ಕಾಲಿನ ಬಸ್ಸು. ಮೊಮ್ಮಗಳು ಯಶಸ್ವಿ ಪುತ್ತೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಹಳೆಯ ಹಂಚಿನ ಮನೆ ಬಿಟ್ಟು ರಸ್ತೆಯ ಮೇಲಿನ ಬದಿಯಲ್ಲಿ ಹೊಸ ಮನೆ ಕಟ್ಟಿ ಆರು ವರ್ಷವಾಯಿತು. ಅಂಗಳಕ್ಕೆ ಇಂಟರ್‌ಲಾಕ್ ಹಾಕಿದೆ, ಗೇಟಿದೆ, ಗೇಟಿನಲ್ಲಿ ನಾಯಿ ಇದೆ ಎಂಬ ಬೋರ್ಡಿದೆ. ನಾಯಿ ಸತ್ತು ಎರಡು ವರ್ಷ ಕಳೆದರೂ ಬೋರ್ಡನ್ನು ತೆಗೆದಿಲ್ಲ.

ಹೊಸ ಮನೆಯಿಂದಲೂ ಸೊಸೈಟಿಗೆ ಮೊದಲು ಹತ್ತಿರದ ದಾರಿಯೊಂದಿತ್ತು. ಕುಕ್ಕಪ್ಪನ ತೋಟದ ನಡುವಿನ ಕಾಲುದಾರಿ. ಬೇಲಿಯ ಹತ್ತಿರ ಎರಡು ಕಲ್ಲಿಟ್ಟ ತಡಮೆ, ಸೀರೆ ಸ್ವಲ್ಪ ಎತ್ತಿ ಕಾಲು ಹಾಕಿದರೆ ಆಚೆ. ಹತ್ತು ನಿಮಿಷದ ಕೆಲಸ. ಆನೆಗಳು ತೋಟಕ್ಕಿಳಿದ ವರ್ಷ ಕುಕ್ಕಪ್ಪ ಸುತ್ತಲೂ ಸೋಲಾರ್ ಬೇಲಿ ಹಾಕಿಸಿದರು, ತಡಮೆ ಇದ್ದಲ್ಲಿಯೂ ತಂತಿ ಎಳೆಸಿದರು. ಆನೆ ಮರ ಬೀಳಿಸಿ ಬೇಲಿ ಮುರಿದು ಅನಂತರ ಎರಡು ಸಲ ಒಳಗೆ ಬಂತು. ದುಗ್ಗಮ್ಮ ಮತ್ತೆ ಒಮ್ಮೆಯೂ ದಾಟಲಿಲ್ಲ. ಡಾಮರು ರಸ್ತೆಯಲ್ಲಿ ಶಾಫಿಯ ಅಂಗಡಿ ಸುತ್ತಿಕೊಂಡು ಹೋಗಲು ಅವರ ಮಂಡಿಗೆ ಅರ್ಧ ಗಂಟೆ ಬೇಕು. ಅವರು ಅದನ್ನೂ ನಡೆದರು.

ನಂತರ ದನ ಹೋಯಿತು.

ದನದ ಹೆಸರು ಬೆಳ್ಳಿ. ಕುಶಾಲಪ್ಪ ಅದನ್ನು ರಾಮಕುಂಜದ ಕಡೆಯವರಿಗೆ ಕೊಟ್ಟದ್ದು ತಾಯಿಯ ಮೇಲಿನ ಪ್ರೀತಿಯಿಂದಲೇ. ಮಂಡಿ ನೋವಿನವಳು ಇನ್ನೂ ಸೆಗಣಿ ಬಾಚುವುದೇ ಎಂದು ತೇಜಾವತಿಯ ತವರಿನವರು ಎರಡು ಸಲ ಆಡಿದ್ದರು.

“ಅವ್ವ, ಇನ್ನು ನೀನು ಆರಾಮ ಮಾಡು,” ಎಂದ.

“ಆರಾಮ ಅಂದ್ರೆ ಎಂತ ಮಾಡುದು?”

“ಎಂತದೂ ಮಾಡುದು ಬೇಡ. ಅದಕ್ಕೇ ಆರಾಮ ಅಂತ ಹೇಳುದು.”

ಒಂದು ವಾರದಲ್ಲಿ ದನದ ಹಟ್ಟಿ ಕೆಡವಿ ಅಲ್ಲಿ ರಬ್ಬರ್ ಶೀಟು ಒಣಗಿಸುವ ಶೆಡ್ಡು ಎಬ್ಬಿಸಿದರು. ದುಗ್ಗಮ್ಮ ನಾಲ್ಕು ದಿನ ಮನೆಯಲ್ಲಿ ಕೂತರು. ಐದನೆಯ ದಿನ ಕ್ಯಾನ್ ಇಲ್ಲದೆ ಗೇಟು ದಾಟಿ, ತಿರುವಿನ ತನಕ ಹೋಗಿ ನಿಂತರು. ಅಂಗಡಿಯ ಬೆಂಚಿನಲ್ಲಿದ್ದ ಮೂವರು ಗಂಡಸರು ಒಟ್ಟಿಗೆ ತಲೆ ಎತ್ತಿದರು. ಅವರಲ್ಲಿ ಒಬ್ಬ ಕೇಳಿಯೇ ಬಿಟ್ಟ: “ಎಂತ ವಿಶೇಷ, ದುಗ್ಗಕ್ಕ?” ಬೆಂಕಿಪೊಟ್ಟಣ ಬೇಕಿತ್ತು ಎಂದು ಹೇಳಿ, ಒಂದು ಬೆಂಕಿಪೊಟ್ಟಣ ತೆಗೆದುಕೊಂಡು ಹಿಂದೆ ಬಂದರು. ಮನೆಯಲ್ಲಿ ಸೌದೆ ಒಲೆ ಉರಿಸದೆ ಆರು ವರ್ಷವಾಗಿತ್ತು.

ಶಾಫಿಯ ಅಂಗಡಿಯ ಹಿಂದೆ ಅವನ ಮನೆ. ಶಾಫಿ ಹನ್ನೆರಡು ವರ್ಷ ಗಲ್ಫಿನಲ್ಲಿದ್ದು ಬಂದವನು. ತಾಯಿ ನೆಬೀಸ ದುಗ್ಗಮ್ಮನಿಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವರು. ಪ್ರಾಯದಲ್ಲಿ ಇಬ್ಬರೂ ಒಂದೇ ತೋಡಿನಲ್ಲಿ ಬಟ್ಟೆ ಒಗೆದವರು. ನೆಬೀಸರಿಗೆ ಒಂದು ದನ ಇತ್ತು, ಸೊಸೈಟಿಯಲ್ಲಿ ಸದಸ್ಯತ್ವ ಇರಲಿಲ್ಲ. ತಾಯಿ ಹಾಲು ಹಿಡಿದುಕೊಂಡು ಸಾಲಿನಲ್ಲಿ ನಿಲ್ಲುವುದು ಶಾಫಿಗೆ ಸರಿಕಾಣುತ್ತಿರಲಿಲ್ಲ. ಬೆಂಕಿಪೊಟ್ಟಣದ ಮರುದಿನ ದುಗ್ಗಮ್ಮ ಹಿತ್ತಲ ಬಾಗಿಲಿಗೆ ಹೋದರು, ಖಾಲಿ ಕ್ಯಾನ್ ಹಿಡಿದುಕೊಂಡು.

“ಒಂದು ಲೀಟರ್ ಕೊಡ್ತಿಯಾ ನೆಬೀಸ? ದಿನಾ ಬೇಕು.”

“ನಿಮ್ಮ ಮನೆಲಿ ಮೂರು ಜನ. ಒಂದು ಲೀಟರ್ ಎಂತ, ಪಾಯಸ ಉಂಟಾ ದಿನಾ?”

“ಮನೆಗಲ್ಲ. ಸೊಸೈಟಿಗೆ.”

ನೆಬೀಸ ತಲೆಯ ಮೇಲಿನ ತಟ್ಟದ ಬಟ್ಟೆ ಸರಿಮಾಡಿಕೊಂಡು ನಕ್ಕರು. “ನಿಮಗೆ ಮರ್ಲುಂಟು ಮಾರಾಯ್ರೆ,” ಎಂದು ಚೆಂಬು ತರಲು ಒಳಗೆ ಹೋದರು.

ಏಳು ತಿಂಗಳು ಹಾಗೆ ನಡೆಯಿತು. ಕ್ಯಾನ್ ನೆಬೀಸರ ಅಡುಗೆಮನೆಯಲ್ಲಿ ಉಳಿಯುತ್ತಿತ್ತು, ದುಗ್ಗಮ್ಮ ಬರಿಗೈಯಲ್ಲಿ ಬಂದು ಬರಿಗೈಯಲ್ಲಿ ಹೋಗುತ್ತಿದ್ದರು. ಸಕ್ಕರೆ ಕಾಯಿಲೆಗೆ ನಡೆಯಲು ಹೋಗುತ್ತಾರೆ ಎಂದು ಮನೆಯವರು ತಿಳಿದಿದ್ದರು. ಸೊಸೈಟಿಯಲ್ಲಿ ಯಾರೋ ಒಮ್ಮೆ ‘ಬೆಳ್ಳಿಯನ್ನು ಕೊಟ್ಟಿರಂತೆ’ ಎಂದಾಗ, ‘ಇನ್ನೊಂದು ಉಂಟಲ್ಲ’ ಎಂದು ಹೇಳಿ ಮುಗಿಸಿದ್ದರು. ಅದು ಸುಳ್ಳೂ ಅಲ್ಲ, ಇನ್ನೊಂದು ಇತ್ತು, ನೆಬೀಸರ ಹಟ್ಟಿಯಲ್ಲಿ. ಆ ಏಳು ತಿಂಗಳಲ್ಲಿ ಊರಿನ ಒಬ್ಬರೂ ದುಗ್ಗಮ್ಮನ ಮನೆಗೆ ಬಂದು ಹಟ್ಟಿ ಇದ್ದ ಜಾಗ ನೋಡಿರಲಿಲ್ಲ. ಯಾರಿಗೂ ಅಲ್ಲಿ ಏನೂ ವಿಶೇಷ ಇರಲಿಲ್ಲ.

ಎಂಟನೆಯ ತಿಂಗಳು ನೆಬೀಸರ ದನ ಹಾಲು ಬಿಡುವುದನ್ನು ನಿಲ್ಲಿಸಿತು. ಗಬ್ಬದ ದನ, ಕರು ಹಾಕುವ ತನಕ ಕಾಯಬೇಕು.

“ಇನ್ನು ಎರಡು ತಿಂಗಳು ಸುಮ್ಮನೆ ಕೂರಿ,” ಎಂದರು ನೆಬೀಸ.

“ಎಲ್ಲಿ ಕೂರುದು?” ಎಂದರು ದುಗ್ಗಮ್ಮ.

ಶಾಫಿಯ ಅಂಗಡಿಗೆ ಆರು ಗಂಟೆಗೆ ಪ್ಯಾಕೆಟ್ ಹಾಲಿನ ವಾಹನ ಬರುತ್ತದೆ. ನೀಲಿ, ಹಸಿರು, ಕಿತ್ತಳೆ, ಬೇರೆ ಬೇರೆ ಬಣ್ಣ. ದುಗ್ಗಮ್ಮ ಎಲ್ಲವನ್ನೂ ತಿರುಗಿಸಿ ನೋಡಿ ಹಸಿರನ್ನು ಆರಿಸಿದರು. ಅದರ ಮೇಲೆ ‘ಹಸುವಿನ ಹಾಲು’ ಎಂದು ಬರೆದಿತ್ತು. ಬೇರೆ ಏನನ್ನೋ ಹಾಕಿದರೆ ಮೋಸ, ಇದು ದನದ್ದೇ ತಾನೇ, ಎಂಬುದು ಅವರ ಲೆಕ್ಕ. ಅರ್ಧ ಲೀಟರಿನ ಎರಡು ಪ್ಯಾಕೆಟ್. ಕೊಟ್ಟದ್ದು ತಮ್ಮ ವಿಧವಾ ಪಿಂಚಣಿಯಿಂದ.

ಆಮೇಲಿನ ಬೆಳಗುಗಳು ಆ ಇಬ್ಬರು ಹೆಂಗಸರಿಗೆ ಬಹಳ ವರ್ಷಗಳಿಂದ ಸಿಗದಿದ್ದ ಖುಷಿ ಕೊಟ್ಟವು. ನೆಬೀಸರ ಅಡುಗೆಮನೆಯಲ್ಲಿ ಪ್ಯಾಕೆಟ್ ಕತ್ತರಿಸಿ ಪಾತ್ರೆಗೆ ಸುರಿಯುವುದು. ಐಸಿನ ಹಾಗೆ ತಣ್ಣಗಿರುವ ಹಾಲನ್ನು ಸಣ್ಣ ಉರಿಯಲ್ಲಿಟ್ಟು ಬೆರಳು ಅದ್ದಿ ನೋಡುವುದು.

“ಸಾಕು, ಸಾಕು. ಇನ್ನು ಬಿಸಿ ಮಾಡಿದ್ರೆ ದನಕ್ಕೆ ಜ್ವರ ಅಂತ ಹೇಳ್ಬೇಕಾದೀತು,” ಎನ್ನುವರು ನೆಬೀಸ.

“ನೊರೆ ಇಲ್ಲ ನೋಡು ಇದಕ್ಕೆ. ಕರೆದ ಹಾಲಿಗೆ ನೊರೆ ಬೇಡವಾ?”

“ನೊರೆ ಎಲ್ಲಿಂದ ತರುದು? ಎರಡು ಕುಲುಕು ಕುಲುಕಿ.”

ದುಗ್ಗಮ್ಮ ಕ್ಯಾನ್ ಕುಲುಕುತ್ತಾ ರಸ್ತೆಗಿಳಿಯುವರು. ಒಮ್ಮೆ ಶಾಫಿ ಅಂಗಡಿಯಿಂದ ಕೇಳಿದ್ದ, “ಅಜ್ಜಿ, ಹಾಲು ತಕ್ಕೊಂಡು ಹಾಲು ಹಾಕ್ಲಿಕ್ಕೆ ಹೋಗುದಾ?” ದುಗ್ಗಮ್ಮ ಕೇಳಿಸದವರ ಹಾಗೆ ನಡೆದಿದ್ದರು.

ಮೂವತ್ತೊಂದು ವರ್ಷ ಹಾಲು ಕರೆದ ಕೈಗೆ ಹಾಲಿನ ಬಿಸಿ ಗೊತ್ತಿತ್ತು, ನೊರೆ ಗೊತ್ತಿತ್ತು, ವಾಸನೆ ಗೊತ್ತಿತ್ತು. ಅಂಕಿ ಗೊತ್ತಿರಲಿಲ್ಲ. ದನದ ಹಾಲು ಪ್ರತಿದಿನ ಬದಲಾಗುತ್ತದೆ. ಹಸಿಹುಲ್ಲು ತಿಂದ ದಿನ ಒಂದು, ಮಳೆ ಬಂದ ಮರುದಿನ ಇನ್ನೊಂದು. ನಲವತ್ತೇಳರ ಚೀಟಿಯಲ್ಲಿಯೂ ಮೂರು ದಶಕ ಹಾಗೇ ಏರಿಳಿದಿತ್ತು. ಈಗ ಯಂತ್ರ ತೋರಿಸಿದ್ದು ಕೊಬ್ಬು ಮೂರೂವರೆ, ಉಳಿದದ್ದು ಎಂಟೂವರೆ. ಮರುದಿನವೂ ಮೂರೂವರೆ, ಎಂಟೂವರೆ. ಹನ್ನೊಂದು ದಿನ ಅದೇ.

ಹನ್ನೆರಡನೆಯ ದಿನ, ಒಂದು ಸೋಮವಾರ, ಸುದರ್ಶನ ಚೀಟಿಯನ್ನು ಕೈಯಲ್ಲೇ ಹಿಡಿದುಕೊಂಡು ಮೆಲ್ಲಗೆ ಕೇಳಿದ. ಅವನು ಕೆಟ್ಟವನಲ್ಲ. ಆದರೆ ಕಿಟಕಿಯ ಹತ್ತಿರ ಆಡಿದ ಮಾತು ಜಗಲಿಗೆ ಕೇಳಿಸುತ್ತದೆ.

“ಅಜ್ಜಿ, ನಿಮ್ಮ ದನಕ್ಕೆ ಎಂತ ತಿನ್ನಿಸುದು?”

“ಹುಲ್ಲು, ಹಿಂಡಿ. ಬೇರೆ ಎಂತ ತಿನ್ನಿಸ್ತಾರೆ?”

“ಅಲ್ಲ, ಹನ್ನೆರಡು ದಿನದಿಂದ ಒಂದೇ ಲೆಕ್ಕ ಬರ್ತಾ ಉಂಟು. ಒಂದು ಪಾಯಿಂಟ್ ಆಚೆ ಇಲ್ಲ, ಈಚೆ ಇಲ್ಲ.”

ಕುಕ್ಕಪ್ಪ ಅಂದು ಜಗಲಿಯಲ್ಲಿದ್ದರು. ಸೊಸೈಟಿಯ ನಿರ್ದೇಶಕರು, ಸೋಲಾರ್ ಬೇಲಿಯವರು, ನಗಿಸುವುದರಲ್ಲಿ ಹೆಸರಾದವರು. “ಆ ದನವನ್ನು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿಸ್ಬೇಕು,” ಎಂದರು. ಎಲ್ಲರೂ ನಕ್ಕರು. ದುಗ್ಗಮ್ಮನೂ ನಕ್ಕರು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ನಗು ಇನ್ನೂ ಸ್ವಲ್ಪ ಬೇಕು ಅನ್ನಿಸಿ ಕುಕ್ಕಪ್ಪ ಫೋನ್ ತೆಗೆದರು, ಕುಶಾಲಪ್ಪನಿಗೆ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದರು.

“ಕುಶಾಲಪ್ಪ, ನಿಮ್ಮ ಹಟ್ಟಿಲಿ ಈಗ ಎಷ್ಟು ದನ ಉಂಟು ಮಾರಾಯ?”

“ದನವಾ? ಹಟ್ಟಿಯೇ ಇಲ್ಲ ಮಾರಾಯ್ರೆ,” ಎಂದಿತು ಫೋನು. “ಎಂತ ವಿಶೇಷ?”

ಕುಕ್ಕಪ್ಪನ ಮುಖದಲ್ಲಿದ್ದ ನಗು ಹೋಗಿ ನಿರ್ದೇಶಕರ ಕಳೆ ಬಂತು.

“ಹಾಗಾದ್ರೆ ಈ ಹಾಲು ಎಲ್ಲಿಂದ, ದುಗ್ಗಕ್ಕ?”

ಏಳು ತಿಂಗಳು ನೆಬೀಸರ ಹಾಲು ಬಂದಿತ್ತು. ಒಳ್ಳೆಯ ಹಾಲು. ಆ ಹೆಸರು ಹೇಳಿದರೆ ಶಾಫಿಯ ಮನೆಯ ಹಿತ್ತಲು ಈ ಜಗಲಿಯಲ್ಲಿ ಹರಡಿಕೊಳ್ಳುತ್ತದೆ, ಆ ಮನೆಯನ್ನು ಎತ್ತಿಕೊಂಡು ಮಾತು ಎಲ್ಲಿಗೆಲ್ಲ ಹೋದೀತು ಎಂಬುದು ದುಗ್ಗಮ್ಮನಿಗೆ ತಿಳಿಯದ್ದೇನಲ್ಲ. “ಪ್ಯಾಕೆಟಿನದ್ದು,” ಎಂದರು.

“ಪ್ಯಾಕೆಟಿನ ಹಾಲು ತಂದು ಸೊಸೈಟಿಗೆ ಹಾಕುದಾ? ಎಂತಕ್ಕೆ?”

ಮೆಟ್ಟಿಲಲ್ಲಿ ಏಳೆಂಟು ಹೆಂಗಸರಿದ್ದರು. ಅವರಲ್ಲಿ ಒಬ್ಬರಾದರೂ ಬಾಯಿ ಬಿಟ್ಟಾರೆಂದು ದುಗ್ಗಮ್ಮ ಆ ಕಡೆಗೊಮ್ಮೆ ನೋಡಿದರು. ಒಬ್ಬಳು ತನ್ನ ಕ್ಯಾನಿನ ಮುಚ್ಚಳ ತಿರುಗಿಸುತ್ತಿದ್ದಳು. ಇನ್ನೊಬ್ಬಳು ರಸ್ತೆ ನೋಡುತ್ತಿದ್ದಳು.

“ಸುಮ್ಮನೆ,” ಎಂದರು ದುಗ್ಗಮ್ಮ.

“ಸುಮ್ಮನೆ ಯಾರು ಹಾಕ್ತಾರೆ?” ಎಂದರು ಕುಕ್ಕಪ್ಪ. ಉತ್ತರವನ್ನೂ ಅವರೇ ಕೊಟ್ಟರು. ಹಾಲು ಹಾಕುವವರಿಗೆ ಸರಕಾರ ಲೀಟರಿಗೆ ಇಷ್ಟು ಎಂದು ಪ್ರೋತ್ಸಾಹಧನ ಕೊಡುತ್ತದೆ, ಅದಕ್ಕೆ ಬೇಕಾದ ಕನಿಷ್ಠ ಗುಣಮಟ್ಟ ಸರಿಯಾಗಿ ಮೂರೂವರೆ, ಎಂಟೂವರೆ. ಅಜ್ಜಿಗೆ ಯಾರೋ ಹೇಳಿಕೊಟ್ಟಿರಬೇಕು. ಮಾತು ಜಗಲಿಯಲ್ಲಿ ಗಟ್ಟಿಯಾಗಿ ಕೂತಿತು. ಪ್ಯಾಕೆಟಿನ ಬೆಲೆ ಎಷ್ಟು, ಸೊಸೈಟಿ ಕೊಡುವುದು ಎಷ್ಟು, ಪ್ರೋತ್ಸಾಹಧನ ಸೇರಿಸಿದರೂ ದಿನಕ್ಕೆ ನಷ್ಟ ಎಷ್ಟು ಎಂದು ಕೂಡಿ ಕಳೆಯಲು ಅಲ್ಲಿದ್ದ ಪ್ರತಿಯೊಬ್ಬರಿಗೂ ಬರುತ್ತಿತ್ತು. ಹಾಲಿನ ಲೆಕ್ಕದಲ್ಲೇ ಬದುಕಿದವರು ಅವರು. ಯಾರೂ ಕಳೆದು ನೋಡಲಿಲ್ಲ.

ದುಗ್ಗಮ್ಮ ಕ್ಯಾನ್ ತೊಳೆಯದೆ ನೆಬೀಸರ ಮನೆಯ ಮುಂದಿನಿಂದಲೇ ನಡೆದು ಹೋದರು. ಒಳಗೆ ಹೋದರೆ ಯಾರಾದರೂ ನೋಡಿಯಾರು ಎಂದು ಹೆದರಿದ್ದು ಅವತ್ತೇ ಮೊದಲು.

ಮನೆಯಲ್ಲಿ ಯಾರೂ ಕೂಗಾಡಲಿಲ್ಲ. ತೇಜಾವತಿ ಬಸ್ಸಿಗೆ ಹೊರಟವಳು ಚಪ್ಪಲಿ ಹಾಕಿಕೊಂಡೇ ನಿಂತಳು.

“ಅತ್ತೆ, ನಮ್ಮ ಮನೆಯಲ್ಲಿ ನಿಮಗೆ ಎಂತ ಕಡಿಮೆ ಮಾಡಿದ್ದೇವೆ, ಹೇಳಿ.”

“ಎಂತದೂ ಇಲ್ಲ.”

“ಮತ್ತೆ? ಊರಿನವರು ಎಂತ ತಿಳ್ಕೊಳ್ಳುದು, ನಾವು ಹಣ ಕೊಡುದಿಲ್ಲ, ಅದಕ್ಕೆ ಮುದುಕಿ ಹೀಗೆ ಮಾಡ್ತಾಳೆ ಅಂತ ಅಲ್ವಾ?”

ದುಗ್ಗಮ್ಮನಿಗೆ ಹೇಳಲು ಇದ್ದದ್ದು ಒಂದೇ ಮಾತು: ಅಲ್ಲಿ ಕೂರ್ಲಿಕ್ಕೆ ಹೋದದ್ದು. ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿದರು. ನಾಲ್ಕು ಸೋಫಾ ಇರುವ ಮನೆಯಲ್ಲಿ ನಿಂತು ಹೇಳುವ ಮಾತಾಗಿ ಅದು ಕೇಳಿಸಲಿಲ್ಲ. ಬಸ್ಸಿನ ಹಾರನ್ ಕೇಳಿ ತೇಜಾವತಿ ಹೋದಳು.

ಕುಶಾಲಪ್ಪ ಮಧ್ಯಾಹ್ನ ಊಟಕ್ಕೆ ಕೂತಾಗ, ತಟ್ಟೆ ನೋಡುತ್ತಾ ಹೇಳಿದ: “ಶಾಫಿಯ ಮನೆಗೆ ಇನ್ನು ಹೋಗುದು ಬೇಡ ಅವ್ವ. ಅಲ್ಲಿಂದಲೇ ಶುರುವಾದದ್ದು ಅಂತ ಜನ ಮಾತಾಡ್ತಾರೆ. ಈಗ ಕಾಲ ಸರಿ ಇಲ್ಲ.”

“ನೆಬೀಸ ಎಂತ ಮಾಡಿದ್ದಾಳೆ?”

“ಮಾಡಿದ್ದಾರೆ ಅಂತ ನಾನು ಹೇಳಿದ್ನಾ? ಬೇಡ ಅಂತ ಹೇಳಿದ್ದು.”

ಮಹಾಸಭೆಯಲ್ಲಿ ನಲವತ್ತೇಳರ ಸದಸ್ಯತ್ವ ರದ್ದಾಯಿತು. ಚರ್ಚೆ ಆಗಲಿಲ್ಲ. ಪ್ರಾಯವಾದವರು, ಕೇಸು ಗೀಸು ಬೇಡ ಎಂದು ಕುಕ್ಕಪ್ಪನೇ ದೊಡ್ಡ ಮನಸ್ಸು ಮಾಡಿದರಂತೆ. “ಅವರು ಬಂದು ಕೂರುದಾದ್ರೆ ಧಾರಾಳ ಕೂರ್ಲಿ,” ಎಂದೂ ಹೇಳಿದರಂತೆ. “ಬೇಡ ಅಂತ ಹೇಳುವವರು ಯಾರು? ಹಾಲು ತರುದು ಬೇಡ, ಅಷ್ಟೆ.”

ಎರಡು ತಿಂಗಳು ದುಗ್ಗಮ್ಮ ಮನೆಯಿಂದ ಹೊರಬೀಳಲಿಲ್ಲ. ಊಟ ಕಡಿಮೆಯಾಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು. ಕುಶಾಲಪ್ಪ ಗಾಬರಿಯಾಗಿ ಪಿಕಪ್ಪಿನಲ್ಲಿ ಪುತ್ತೂರಿಗೆ ಕರೆದುಕೊಂಡು ಹೋದ. ಯಶಸ್ವಿ ಹಾಸ್ಟೆಲಿನಿಂದ ಬಂದು ಅಜ್ಜಿಯ ಕೈ ಹಿಡಿದುಕೊಂಡು ಕೂತಳು. ಡಾಕ್ಟರು ರಕ್ತ ನೋಡಿದರು, ಎದೆ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಸಕ್ಕರೆಯೂ ಹತೋಟಿಯಲ್ಲಿತ್ತು, ಎಲ್ಲ ಸರಿ ಇತ್ತು.

“ದಿನಾ ನಡೀಬೇಕು ಅಜ್ಜಿ. ನಾಲ್ಕು ಜನರ ಹತ್ತಿರ ಮಾತಾಡ್ಬೇಕು. ಮನೆಯಲ್ಲೇ ಕೂತ್ರೆ ಹೀಗೇ ಆಗುದು,” ಎಂದರು ಡಾಕ್ಟರು. ಅದನ್ನೇ ಚೀಟಿಯ ಕೊನೆಯಲ್ಲಿ ಬರೆದೂ ಕೊಟ್ಟರು.

ಕುಶಾಲಪ್ಪ ಚೀಟಿಯಲ್ಲಿದ್ದದ್ದನ್ನು ತಪ್ಪದೆ ಮಾಡಿಸುವವನು. ಮಾತ್ರೆಗೆ ಡಬ್ಬಿ ತಂದ. ಅಂಗಳವನ್ನು ಹೆಜ್ಜೆಯಲ್ಲಿ ಅಳೆದು, ಬೆಳಿಗ್ಗೆ ಹದಿನೈದು ಸುತ್ತು ಸಂಜೆ ಹದಿನೈದು ಎಂದು ಗೊತ್ತುಮಾಡಿದ. ಮಾತಾಡಲು ಒಂದು ಫೋನ್ ಕೊಡಿಸಿದ. ಅದರಲ್ಲಿ ನಾಲ್ಕು ನಂಬರ್ ಹಾಕಿಕೊಟ್ಟ: ಮಗನದು, ಸೊಸೆಯದು, ಮೊಮ್ಮಗಳದು, ಡಾಕ್ಟರದು. ನಾಲ್ಕು ಜನ ಎಂದರೆ ನಾಲ್ಕು ಜನ.

ದುಗ್ಗಮ್ಮ ಮೂರು ವಾರ ಅಂಗಳ ಸುತ್ತಿದರು. ಒಂದು ಬೆಳಿಗ್ಗೆ ಏಳನೆಯ ಸುತ್ತಿನಲ್ಲಿ ಗೇಟಿನ ಹತ್ತಿರ ಬಂದವರು, ಗೇಟು ತೆಗೆದು ರಸ್ತೆಗಿಳಿದರು. ಸೊಸೈಟಿಗೆ ಬಂದು ಕೂರಬಹುದು ಎಂದು ಕುಕ್ಕಪ್ಪ ಹೇಳಿದ್ದಾರಲ್ಲ.

ಅವರನ್ನು ಕಂಡೊಡನೆ ಮೆಟ್ಟಿಲಿನ ಮಾತು ನಿಂತಿತು. ಕೆಟ್ಟದಾಗಿ ಯಾರೂ ನಡೆದುಕೊಳ್ಳಲಿಲ್ಲ. ಎರಡನೆಯ ಮೆಟ್ಟಿಲಿನ ಅಂಚು ಖಾಲಿ ಇತ್ತು, ಅದರ ಕಡೆಗೆ ಹೋಗುತ್ತಿದ್ದ ಹಾಗೆ ಸುದರ್ಶನ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎತ್ತಿ ತಂದ. “ಇಲ್ಲಿ ಕೂರಿ ಅಜ್ಜಿ.” ಕುರ್ಚಿ ಇನ್‌ಸ್ಪೆಕ್ಷನ್ನಿಗೆ ಬರುವವರಿಗೆ ಹಾಕುವಂಥದ್ದು. ದುಗ್ಗಮ್ಮ ಕೂತರು. ಈಗ ಎಲ್ಲರೂ ಅವರಿಗಿಂತ ಕೆಳಗಿದ್ದರು, ತಲೆ ಎತ್ತಿ ನೋಡುತ್ತಿದ್ದರು.

“ಎಂತ ವಿಶೇಷ, ದುಗ್ಗಕ್ಕ?” ಎಂದು ಒಬ್ಬಳು ಕೇಳಿದಳು. ಆ ಹೆಂಗಸು ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತವಳು.

“ಬಸಳೆ ಬಳ್ಳಿ ಬೇಕಿತ್ತು,” ಎಂದರು ದುಗ್ಗಮ್ಮ.

“ನಾಳೆ ತರ್ತೇನೆ ಮಾರಾಯ್ರೆ. ಅದಕ್ಕೆ ಇಷ್ಟು ದೂರ ಬರ್ಬೇಕಿತ್ತಾ? ಫೋನ್ ಉಂಟಲ್ಲ ಈಗ ನಿಮ್ಮಲ್ಲಿ.”

ಮರುದಿನ ಹೋದರು, ಬಳ್ಳಿ ಸಿಕ್ಕಿತು. ಬಂದ ಕೆಲಸ ಮುಗಿಯಿತಲ್ಲ ಎಂಬ ಹಾಗೆ ಎಲ್ಲರೂ ನೋಡಿದರು. ದುಗ್ಗಮ್ಮ ಬಳ್ಳಿ ಹಿಡಿದುಕೊಂಡು ಎದ್ದರು.

ಮೂರನೆಯ ದಿನಕ್ಕೆ ದಾರಿಯುದ್ದಕ್ಕೂ ಯೋಚಿಸಿ ಒಂದು ಪ್ರಶ್ನೆ ಸಿದ್ಧ ಮಾಡಿಕೊಂಡಿದ್ದರು, ಸದಸ್ಯೆಯಾಗುವಾಗ ಕಟ್ಟಿದ ಹಳೆಯ ಷೇರಿನ ಹಣ ಯಾವಾಗ ಸಿಗುತ್ತದೆ ಎಂದು. ಸುದರ್ಶನ ಹೇಳಿದ, ಮಾರ್ಚ್ ಮುಗಿದ ಮೇಲೆ. ಅಷ್ಟಕ್ಕೆ ಅದೂ ಮುಗಿಯಿತು. ಆದರೆ ಅಂದು ಜನ ಹೆಚ್ಚಿದ್ದರು, ಗಲಾಟೆ ಇತ್ತು, ಅವರನ್ನು ಯಾರೂ ಗಮನಿಸಲಿಲ್ಲ. ಹತ್ತು ನಿಮಿಷ ಹಾಗೇ ಸಿಕ್ಕಿತು. ಯಾರದೋ ಹಟ್ಟಿಗೆ ಚಿರತೆ ಬಂದ ಸುದ್ದಿ ನಡೆಯುತ್ತಿತ್ತು. ದುಗ್ಗಮ್ಮ ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆ ಸರಿಸಿ, ನಮ್ಮ ಅಪ್ಪನ ಕಾಲದಲ್ಲಿಯೂ ಒಮ್ಮೆ ಹೀಗೇ ಆಗಿ ಎಂದು ಶುರುಮಾಡಿದರು. ಇಬ್ಬರು ಇತ್ತ ತಿರುಗಿದರು.

“ನಲವತ್ತೇಳು,” ಎಂದು ಕಿಟಕಿಯಿಂದ ಸುದರ್ಶನ ಕೂಗಿದ.

ದುಗ್ಗಮ್ಮ ಮಾತು ನಿಲ್ಲಿಸಿ ಎದ್ದರು. ಮಂಡಿ ನೋವು ಮರೆತು, ಕುರ್ಚಿಯ ಕೈಗೆ ಸೆರಗು ಸಿಕ್ಕಿದ್ದನ್ನು ಬಿಡಿಸಿಕೊಂಡು, ಕಿಟಕಿಯ ತನಕ ಹೋಗಿ ಕೈ ಚಾಚಿದರು. ಹಿಂದಿನಿಂದ ಹೆಲ್ಮೆಟ್ ಹಾಕಿಕೊಂಡೇ ಬಂದ ಒಬ್ಬ ಎಳೆಯ ಹೆಂಗಸು ಅವರ ಭುಜದ ಮೇಲಿಂದ ಕೈ ಹಾಕಿ ಚೀಟಿ ತೆಗೆದುಕೊಂಡಳು. ಮೇಲಿನ ಗುಡ್ಡೆಗೆ ಹೊಸದಾಗಿ ಬಂದ ಮನೆಯವಳು, ಖಾಲಿ ಇದ್ದ ನಂಬರನ್ನು ಅವಳಿಗೆ ಕೊಟ್ಟಿದ್ದರು. ಚೀಟಿ ನೋಡುತ್ತಾ ಸ್ಕೂಟರ್ ಹತ್ತಿ ಹೋದಳು. ಮೆಟ್ಟಿಲಿನಲ್ಲಿ ಅವಳು ಒಂದು ನಿಮಿಷವೂ ಕೂರಲಿಲ್ಲ.

“ನಿಮ್ಮನ್ನಲ್ಲ ಅಜ್ಜಿ,” ಎಂದ ಸುದರ್ಶನ.

ಯಾರೋ ನಕ್ಕರು. ಚಿರತೆಯ ಮಾತಿಗೋ, ಇದಕ್ಕೋ, ದುಗ್ಗಮ್ಮನಿಗೆ ತಿಳಿಯಲಿಲ್ಲ.

ನಾಲ್ಕನೆಯ ದಿನ ಅವರು ಗೇಟಿನ ತನಕ ಬಂದು ನಿಂತರು. ಅಲ್ಲಿ ಹೋಗಿ ಏನು ಕೇಳಬಹುದು ಎಂದು ಬಹಳ ಹೊತ್ತು ಯೋಚಿಸಿದರು. ಬಸಳೆ ಆಗಿತ್ತು, ಷೇರು ಆಗಿತ್ತು. ತಿರುವಿನಾಚೆ ನೆಬೀಸರ ದನ ಕರು ಹಾಕಿ ತಿಂಗಳಾಗಿರಬೇಕು, ಅದು ಹೆಣ್ಣೋ ಗಂಡೋ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಲು ಆ ಮನೆಗೆ ಹೋಗುವಂತಿರಲಿಲ್ಲ.

ಗೇಟಿನ ಕಂಬಿಗೆ ಬಟ್ಟೆಯ ಚೀಲವೊಂದು ನೇತಾಡುತ್ತಿತ್ತು. ಒಳಗೆ ಹಸಿರು ಪ್ಯಾಕೆಟ್, ಅರ್ಧ ಲೀಟರಿನದು. ತಾಯಿಯ ಹೆಸರಲ್ಲಿ ಆದ ಗಲಾಟೆಯ ಮೇಲೆ ಕುಶಾಲಪ್ಪ ಶಾಫಿಯ ಅಂಗಡಿಯಿಂದ ಹಾಲು ತರುವುದನ್ನೂ ನಿಲ್ಲಿಸಿದ್ದ, ವಾಹನದವನೇ ಬಂದು ಗೇಟಿಗೆ ಹಾಕಿ ಹೋಗುವ ಏರ್ಪಾಡು ಮಾಡಿದ್ದ. ಯಾರೂ ನಡೆಯಬೇಕಾಗಿಲ್ಲ. ವಾಹನದವನು ಹಾರನ್ ಕೂಡ ಹಾಕುವುದಿಲ್ಲ.

ದುಗ್ಗಮ್ಮ ಚೀಲವನ್ನು ಕಂಬಿಯಿಂದ ತೆಗೆದು, ಗೇಟು ತೆಗೆಯದೆ, ಅದನ್ನು ಹಿಡಿದುಕೊಂಡೇ ನಿಂತಿದ್ದರು. ಶೆಡ್ಡಿನಿಂದ ರಬ್ಬರ್ ಶೀಟು ಹೊತ್ತು ಬಂದ ಕುಶಾಲಪ್ಪ ಅಂಗಳದಲ್ಲಿ ಸುತ್ತುತ್ತಿರಬೇಕಾದ ತಾಯಿ ಅಲ್ಲಿ ನಿಂತದ್ದನ್ನು ಕಂಡ.

“ಎಂತ ವಿಶೇಷ ಅವ್ವ, ಗೇಟಿನ ಹತ್ತಿರ?”

ದುಗ್ಗಮ್ಮ ಚೀಲವನ್ನು ಎತ್ತಿ ತೋರಿಸಿದರು. “ಹಾಲು ತಕ್ಕೊಳ್ಳಿಕ್ಕೆ,” ಎಂದರು.

ಅದು ಸರಿಯಾದ ಉತ್ತರವಾಗಿತ್ತು. ಕುಶಾಲಪ್ಪ ತಲೆ ಆಡಿಸಿ ಶೀಟು ಹೊತ್ತು ಹೋದ. ಮಾರನೆಯ ದಿನದಿಂದ ಅವರು ಆರೂವರೆಗೆ ಗೇಟಿನ ಹತ್ತಿರ ನಿಲ್ಲತೊಡಗಿದರು. ರಸ್ತೆಯಲ್ಲಿ ಹೋಗುವವರಿಗೆ ಕೈಯಲ್ಲಿ ಹಾಲಿನ ಚೀಲ ಹಿಡಿದ ಅಜ್ಜಿಯೊಬ್ಬರು ಕಾಣಿಸುತ್ತಾರೆ. ಹಾಲು ಬಂದಿದೆ, ತೆಗೆದುಕೊಂಡಿದ್ದಾರೆ. ಯಾರೂ ಏನೂ ಕೇಳುವುದಿಲ್ಲ.